ಮುಂದಿನ ಮಳೆಗೆ ನಾಟಿ ಮಾಡಿ

ಫೋಟೊ ಬಂದಾಗ ನಾನು ಶಿರಾಳಕೊಪ್ಪದಲ್ಲಿ ಬಸ್ಸಿನೊಳಗೇ ಕೂತಿದ್ದೆ. ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ಬೆಳಗಿನ ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಚಾಲಕರು ಚಹಾ ಕುಡಿದು ಬರುವವರೆಗೆ ನಾನು ಫೋನು ತಿಕ್ಕುತ್ತಿರುತ್ತೇನೆ. ಅಂಜನಾಪುರ ಜಲಾಶಯದ ನಾಲೆಯ ಕೊನೆಯಲ್ಲಿ ಎರಡೂವರೆ ಎಕರೆ ಗದ್ದೆ ಇರುವ ರೈತರೊಬ್ಬರು ಮೂರು ಫೋಟೊ ಕಳಿಸಿದ್ದರು. ಮೂರರಲ್ಲೂ ನಾಟಿ ಮಾಡಿದ ಭತ್ತ. ಕಪ್ಪು ಹಸಿರಾಗಿ ಬುಡದಿಂದ ಹೊಸ ತೆಂಡೆ ಒಡೆಯಬೇಕಾದ ಹೊತ್ತಿನಲ್ಲಿ ಅದು ಅರಿಸಿನ ಮೆತ್ತಿದ ಹಾಗೆ ನಿಂತಿತ್ತು. ಕೆಳಗೆ ಒಂದೇ ಸಾಲು: "ಮೇಡಂ ಹಿಂಗ್ಯಾಕಾತು."

ಅದಕ್ಕೊಂದು ಪ್ರಶ್ನೆಗುರುತೂ ಇರಲಿಲ್ಲ. ಅವರು ನಾಲ್ಕು ಬೈಗುಳ ಬರೆದಿದ್ದರೆ ವಾಸಿಯಿತ್ತು.

ಶಿಕಾರಿಪುರದಲ್ಲಿ ರೈತರ ಗುಂಪೊಂದು ನಡೆಸುವ ಸಣ್ಣ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನನ್ನ ಕೆಲಸ. ಮಣ್ಣು ತರಿಸಿ ಪರೀಕ್ಷೆ ಮಾಡುವುದು, ಯಾವ ಗೊಬ್ಬರ ಎಷ್ಟು ಬೇಕೆಂದು ಹೇಳುವುದು, ಹಿಂದಿನ ಕೋಣೆಯ ನೀಲಿ ಡ್ರಮ್ಮುಗಳಲ್ಲಿ ಬೆಲ್ಲದ ನೀರು ಹಾಕಿ ಕಸ ಕೊಳೆಸುವ ಸೂಕ್ಷ್ಮಜೀವಿಗಳನ್ನು ಬೆಳೆಸಿ ಹಂಚುವುದು. ಆ ವರ್ಷ ನನಗೆ ಒಂದೇ ಹುಚ್ಚು ಹಿಡಿದಿತ್ತು. ಬೇಸಿಗೆಯ ಮೆಕ್ಕೆಜೋಳ ಮುರಿದ ಮೇಲೆ ಇಲ್ಲಿಯವರು ದಂಟಿಗೆ ಬೆಂಕಿ ಹಾಕಿ ಗದ್ದೆ ಖಾಲಿ ಮಾಡುತ್ತಾರೆ. ಅದನ್ನು ಬಿಡಿಸಬೇಕು, ದಂಟನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿ ನಮ್ಮ ದ್ರಾವಣ ಹೊಡೆಸಬೇಕು, ಅದು ಅಲ್ಲೇ ಕೊಳೆತು ಗೊಬ್ಬರವಾಗಬೇಕು. ಊರೂರು ತಿರುಗಿ ಗಂಟಲು ಹರಿದುಕೊಂಡಿದ್ದೆ. ನಾಲೆಯ ಕೊನೆಯ ಆ ಊರಿನಲ್ಲಿ ನನ್ನ ಮಾತು ಕೇಳಿ ಬೆಂಕಿಪೊಟ್ಟಣ ಕೆಳಗಿಟ್ಟವರು ಇವರೊಬ್ಬರೇ. ಉಳಿದವರು ಇವರ ಗದ್ದೆ ನೋಡಿ ಮುಂದಿನ ವರ್ಷ ಹೇಳುತ್ತೇವೆ ಅಂದಿದ್ದರು.

ಬಸ್ಸು ಹೊರಟಿತು. ಆ ಮನೆಗೆ ವರ್ಷದ ಅನ್ನ ಬರುವುದು ಆ ಗದ್ದೆಯಿಂದ. ಸುತ್ತಮುತ್ತ ಎಲ್ಲರ ನಾಟಿಯೂ ಮುಗಿದಿತ್ತು, ಸಸಿಮಡಿಗಳು ಖಾಲಿಯಾಗಿದ್ದವು. ಈ ಪೈರು ಹೋದರೆ ಮತ್ತೆ ನೆಡಲು ಎಲ್ಲೂ ಸಸಿ ಸಿಗುವುದಿಲ್ಲ. ಕಿಟಕಿಯಾಚೆ ಕಾಣುವ ಗದ್ದೆಗಳೆಲ್ಲ ಹಸಿರಾಗಿದ್ದವು. ಆ ಹಸಿರು ನೋಡಿ ನನಗೆ ಸಿಟ್ಟು ಬಂತು.

ಕೇಂದ್ರದ ಸ್ಕೂಟರು ತೆಗೆದುಕೊಂಡು ನೇರ ಅಲ್ಲಿಗೇ ಹೋದೆ. ಗದ್ದೆಯ ಒಡೆಯರು ತಲೆಗೆ ಟವೆಲ್ ಸುತ್ತಿ ಬದುವಿನ ಮೇಲೆ ಕಾಯುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾನು ಅವರನ್ನು ಯಜಮಾನ್ರೇ ಎಂದೇ ಕರೆಯುವುದು. ಭತ್ತದ ಜೊತೆ ಕುರಿಯೂ ಇರುವ ಮನೆ. ಕುರಿ ಮೇಯಿಸುವುದು ತಮ್ಮ, ಗದ್ದೆ ಇವರದು.

ಬದುವಿನ ಮೇಲಿಂದಲೇ ಬಗ್ಗಿ ನೋಡಿದೆ. ಕೆಳಗಿನ ಎಲೆಗಳು ಮೊದಲು ಹಳದಿಯಾಗಿದ್ದವು, ತುದಿಯಿಂದ ಒಳಕ್ಕೆ. ಇದು ಸಾರಜನಕದ ಕೊರತೆ, ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ಗೊತ್ತಿರುವ ಪ್ರಶ್ನೆ ಬಂದ ವಿದ್ಯಾರ್ಥಿಯ ಹಾಗೆ ನನಗೆ ಜೀವ ಬಂತು. "ಯಜಮಾನ್ರೇ, ದಂಟು ಕೊಳೆಸೋ ಜೀವಿಗಳಿಗೂ ಹೊಟ್ಟೆ ಅನ್ನೋದು ಇದೆ," ಎಂದು ವಿವರಿಸಿದೆ. "ದಂಟಲ್ಲಿ ಅವಕ್ಕೆ ಬೇಕಾದಷ್ಟು ಸಾರಜನಕ ಇರಲ್ಲ. ಮಣ್ಣಲ್ಲಿರೋದನ್ನ ಅವೇ ಮೊದಲು ಉಂಡುಬಿಡ್ತಾವೆ, ಪೈರಿಗೆ ಉಳಿಯಲ್ಲ. ಸ್ವಲ್ಪ ಯೂರಿಯಾ ಎರಚಿ, ಇಬ್ಬರಿಗೂ ಆಗುತ್ತೆ."

"ಅಷ್ಟೇ ಏನ್ರೀ?"

"ಅಷ್ಟೇ."

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವತ್ತು ನಾನು ಒಂದು ಬುಡವನ್ನೂ ಕಿತ್ತು ನೋಡಲಿಲ್ಲ. ಮಧ್ಯಾಹ್ನ ಸಭೆ ಇತ್ತು, ಕಾಲಲ್ಲಿ ಹೊಸ ಶೂ ಇತ್ತು. ಗದ್ದೆಯಲ್ಲಿ ಗೇಣುದ್ದ ನೀರು ನಿಂತಿತ್ತು, ಯಾರು ಇಳಿಯುತ್ತಾರೆ ಅಂದುಕೊಂಡೆ. ಈ ಸಾಲು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಐದು ದಿನ ಬಿಟ್ಟು ಹೋದಾಗ ಹಳದಿ ಹೋಗಿರಲಿಲ್ಲ, ಅದರ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಬಂದಿದ್ದವು. ನೆಟ್ಟಾಗ ಇದ್ದ ಎತ್ತರಕ್ಕಿಂತ ಪೈರು ಒಂದಿಷ್ಟೂ ಏರಿರಲಿಲ್ಲ. ಗೊಬ್ಬರದ ಅಂಗಡಿಯಲ್ಲಿ ಯಾರೋ ಟಾನಿಕ್ ಬಾಟಲಿ ಕೊಟ್ಟಿದ್ದರಂತೆ, ಅದು ಬದುವಿನ ಮೇಲೆ ಸೀಲು ಒಡೆಯದೆ ಕೂತಿತ್ತು. ನಾನು ಹೂಂ ಅಂದರೆ ಹೊಡೆಯುವುದು ಅಂತ ಕಾದಿದ್ದರು. ಬೇಡ ಅಂದೆ. ಶೂ ಬಿಚ್ಚಿಟ್ಟು ಇಳಿದೆ.

ಕಾಲಿಟ್ಟ ಕಡೆಯೆಲ್ಲ ಗುಳ್ಳೆಗಳು ಬುಳುಬುಳು ಎದ್ದವು. ಒಂದು ಬುಡ ಕಿತ್ತೆ. ಅದು ಯಾವ ಹಟವನ್ನೂ ಮಾಡದೆ ಕೈಗೆ ಬಂತು. ಭತ್ತದ ಬುಡ ಅಷ್ಟು ಸುಲಭಕ್ಕೆ ಬರಬಾರದು. ಬೇರುಗಳು ಕಪ್ಪಗಾಗಿದ್ದವು, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ರಾಚಿತು. ಇನ್ನೊಂದು ಕಿತ್ತೆ, ಮತ್ತೊಂದು ಕಿತ್ತೆ. ಎಲ್ಲವೂ ಅದೇ. ಕೈ ಹಾಕಿ ಕೆಸರು ಎತ್ತಿದರೆ ಅದರಲ್ಲಿ ದಂಟಿನ ತುಂಡುಗಳು. ಗಿಣ್ಣುಗಳು ಇನ್ನೂ ಗಟ್ಟಿಯಾಗಿದ್ದವು, ಬೆರಳಲ್ಲಿ ಒತ್ತಿದರೆ ಮುರಿಯುತ್ತಿರಲಿಲ್ಲ.

ಯಜಮಾನರ ಹೆಂಡತಿ ಮೇಲೆ ನಿಂತು ನೋಡುತ್ತಿದ್ದರು. "ಕುರಿ ಹಿಕ್ಕಿದು ಯವ್ವಾ," ಎಂದರು. "ಬ್ಯಾಸಿಗ್ಯಾಗ ಮೈದುನ ಎಂಟು ದಿನ ಗದ್ದ್ಯಾಗ ಕುರಿ ಮಂದಿ ನಿಲ್ಸಿದ್ದ. ಹಸಿ ಹಿಕ್ಕಿ ಹೆಚ್ಚಾತು. ನಾ ಆಗ್ಲೇ ಹೇಳ್ದೆ."

"ಅದೇ ಇರ್ಬೇಕ್ರೀ," ಎಂದರು ಯಜಮಾನರು. "ಮುಂದಿನ ವರ್ಷದಿಂದ ಗದ್ದಿಗೆ ಕುರಿ ಬ್ಯಾಡ ಅಂತ ತಮ್ಮಗೆ ಹೇಳೀನಿ. ಅವ ಮಕ ತಿರುವಿಕೊಂಡು ಅಡ್ಡಾಡ್ತಾನೆ."

ಬೇಸಿಗೆಯಲ್ಲಿ ಬಿದ್ದ ಕುರಿ ಹಿಕ್ಕೆ ಇಷ್ಟು ಹೊತ್ತಿಗೆ ಬಿಸಿಲು ತಿಂದು ಪುಡಿಯಾಗಿರುತ್ತದೆ. ನನ್ನ ಕಣ್ಣು ದಂಟಿನ ಮೇಲೆಯೇ ಇತ್ತು. ನಾಟಿಗೆ ಮೊದಲು ಎರಡು ವಾರ ಕೊಳೆತಿದ್ದರೆ ಗಿಣ್ಣು ಹೀಗೆ ಕಲ್ಲಿನಂತೆ ಇರುವುದಿಲ್ಲ. "ನಾಟಿ ಯಾವತ್ತು ಮಾಡಿದ್ರಿ?" ಎಂದು ಕೇಳಿದೆ.

"ಪುಷ್ಯ ಹುಟ್ಟಿದ ದಿನಾನೇ. ನೀವೇ ಹೇಳಿದ್ರಲ್ರೀ, ಈ ಮಳಿ ಬಿಟ್ಟು ಮುಂದಿನ ಮಳಿಗೆ ನಾಟಿ ಮಾಡ್ರಿ ಅಂತ."

ಹೇಳಿದ್ದು ನಿಜ. ಅದೇ ಬದುವಿನ ಮೇಲೆ ನಿಂತು ಹೇಳಿದ್ದೆ. ಮಳೆಗಾಲವನ್ನು ನಮ್ಮ ರೈತರು ತಿಂಗಳಿಂದ ಎಣಿಸುವುದಿಲ್ಲ, ನಕ್ಷತ್ರದ ಹೆಸರಿನ ಮಳೆಗಳಿಂದ ಎಣಿಸುತ್ತಾರೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹದಿನೈದು ದಿನ ಬಿಟ್ಟು ನಾಟಿ ಮಾಡಿ ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ರೈತರ ಜೊತೆ ರೈತರ ಭಾಷೆಯಲ್ಲೇ ಮಾತಾಡಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರಲ್ಲ, ಆ ಹದಿನೈದು ದಿನವನ್ನು ನುಂಗಿ 'ಮುಂದಿನ ಮಳೆಗೆ' ಅಂದಿದ್ದೆ. ಅಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಒಂದು ಮಳೆ ಅಂದರೆ ಎರಡು ವಾರ ಅನ್ನುವುದು ಗೊತ್ತಿತ್ತು. ಅವತ್ತು ನಡೆಯುತ್ತಿದ್ದ ಪುನರ್ವಸುವಿಗೆ ಉಳಿದದ್ದು ಮೂರೇ ದಿನ ಅನ್ನುವುದು ಗೊತ್ತಿರಲಿಲ್ಲ. ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಮೂರು ದಿನ ಕಾದು, ಪುಷ್ಯ ಹುಟ್ಟಿದ ಬೆಳಿಗ್ಗೆ ಆಳು ಕರೆದು ನಾಟಿ ಮುಗಿಸಿದ್ದರು.

ಅಲ್ಲೇ, ಆ ಕೆಸರಿನಲ್ಲಿ ನಿಂತೇ ಹೇಳಿಬಿಡಬಹುದಿತ್ತು. ಹಿಕ್ಕೆಯದಲ್ಲ, ನನ್ನದು ತಪ್ಪು ಅಂತ. ನಾನು "ಹೂಂ" ಅಂದೆ, ಅಷ್ಟೇ. ಎರಡು ಬುಡ, ಒಂದು ಡಬ್ಬಿ ಕೆಸರು ಚೀಲಕ್ಕೆ ಹಾಕಿಕೊಂಡು ಬಂದೆ.

ಕೇಂದ್ರದಲ್ಲಿ ಕೆಸರನ್ನು ಸೀಸೆಗೆ ಹಾಕಿ ಎರಡು ಹನಿ ಆಮ್ಲ ಬಿಟ್ಟು, ಬಾಯಿಗೆ ಪರೀಕ್ಷೆಯ ಕಾಗದದ ಪಟ್ಟಿ ಹಿಡಿದೆ. ಗಂಧಕದ ವಿಷ ಅನಿಲ ಎದ್ದರೆ ಆ ಬಿಳಿ ಪಟ್ಟಿ ಕಪ್ಪಾಗುತ್ತದೆ. ನೋಡನೋಡುತ್ತಲೇ ಕಂದಾಯಿತು, ಕಪ್ಪಾಯಿತು. ನಡೆದದ್ದು ಇಷ್ಟು. ಗಾಳಿ ಬೇಕಾದ ಜೀವಿಗಳು ಹಸಿ ದಂಟಿನ ಮೇಲೆ ಬಿದ್ದು ಮಣ್ಣಿನಲ್ಲಿದ್ದ ಗಾಳಿಯನ್ನೆಲ್ಲ ಮುಗಿಸಿದ್ದವು. ಮೇಲೆ ನೀರು ನಿಂತಿದ್ದರಿಂದ ಹೊಸ ಗಾಳಿ ಒಳಗೆ ಹೋಗಲಿಲ್ಲ. ಆಮೇಲೆ ಗಾಳಿ ಬೇಡದ ಇನ್ನೊಂದು ಜಾತಿಯ ಜೀವಿಗಳು ಎದ್ದು, ಮಣ್ಣಿನ ಗಂಧಕವನ್ನೇ ಉಸಿರಾಡಿ ವಿಷ ಬಿಡತೊಡಗಿದವು. ಬೇರು ಕೊಳೆಯುತ್ತಿದ್ದುದು ಅದರಿಂದ. ಕೊಳೆತ ಬೇರು ಯೂರಿಯಾವನ್ನು ಯಾವ ಬಾಯಿಂದ ಉಣ್ಣಬೇಕು? ನಾನು ಕೊಡಿಸಿದ ಗೊಬ್ಬರ ಬಹುಪಾಲು ನೀರಿನಲ್ಲಿ ಕರಗಿ ಗಾಳಿಗೆ ಹೋಗಿತ್ತು.

ಇಷ್ಟು ತಿಳಿದರೂ ಏನು ಮಾಡಬೇಕು ಅನ್ನುವುದು ಹೊಳೆಯಲಿಲ್ಲ. ಮಣ್ಣಿಗೆ ಸೇರಿಸಿದ ದಂಟನ್ನು ಹೊರಗೆ ತೆಗೆಯುವುದು ಸಾಧ್ಯವಿಲ್ಲ. ಆಗ ಇನ್ನೊಂದು ದಿಗಿಲು ಶುರುವಾಯಿತು. ಅದೇ ವಾರ ಅದೇ 'ಮುಂದಿನ ಮಳೆ'ಯ ಮಾತನ್ನು ನಾನು ನಮ್ಮ ಸೊರಬದ ಕಡೆ ಇನ್ನೊಬ್ಬರಿಗೂ ಹೇಳಿದ್ದೆ. ಗುಡವಿಯ ದಾರಿಯಲ್ಲಿ ಅವರ ಗದ್ದೆ. ಅವರೂ ಜೋಳದ ದಂಟು ಸೇರಿಸಿ ನಮ್ಮದೇ ಡ್ರಮ್ಮಿನ ದ್ರಾವಣ ಹೊಡೆದಿದ್ದರು. ಅವರಿಂದ ಫೋಟೊ ಬಂದಿರಲಿಲ್ಲ. ಗದ್ದೆಯ ಆಸೆಯನ್ನೇ ಬಿಟ್ಟಿರಬಹುದು ಅನ್ನಿಸಿತು.

ಮಾರನೇ ದಿನ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ಅಲ್ಲಿಗೆ ಹೋದೆ. ದೂರದಿಂದಲೇ ಕಂಡಿತು, ಗದ್ದೆ ಹಸಿರಾಗಿತ್ತು. ನಂಬಿಕೆ ಬರಲಿಲ್ಲ. ಬರಿಗಾಲಲ್ಲಿ ಇಳಿದು ಬುಡ ಕೀಳಲು ಹೋದರೆ ಅದು ಜಗ್ಗಾಡಿತು. ಬೇರುಗಳು ಬೆಳ್ಳಗೆ, ಅಲ್ಲಲ್ಲಿ ಮಣ್ಣಿನ ಕೆಂಪು. ದಂಟು ಇಲ್ಲೂ ಇತ್ತು, ಗಟ್ಟಿಯಾಗಿಯೇ ಇತ್ತು. ನಾಟಿ ಯಾವಾಗ ಮಾಡಿದ್ದು ಎಂದು ಕೇಳಿದೆ. ಪುಷ್ಯ ಬಂದ ಕೂಡಲೇ, ನೀನೇ ಹೇಳಿದ್ಯಲ್ಲ, ಎಂದರು ಆ ಹಿರಿಯರು.

"ಹಾಗಾದ್ರೆ ನಿಮ್ಮ ಗದ್ದೆ ಯಾಕೆ ಕೆಟ್ಟಿಲ್ಲ?" ನನ್ನ ದನಿ ದೂರುವ ಹಾಗೆ ಇತ್ತೋ ಏನೋ, ಅವರು ನಕ್ಕರು.

"ಕೆಡಬೇಕಿತ್ತೇನೆ ಮಾರಾಯ್ತಿ? ನಮ್ಮಲ್ಲಿ ನೀರು ಒಂದು ಕಡೆ ನಿಲ್ಲೋದಾದ್ರೆ ಅಲ್ಲವಾ ಪೈರು ಕೆಡೋದು? ಎಷ್ಟು ಬದು ಕಟ್ಟಿದ್ರೂ ಈ ಏಡಿಗಳು ತೂತು ಕೊರೀತಾವೆ. ಬೆಳಿಗ್ಗೆ ಕಟ್ಟು, ಸಂಜೆಗೆ ಖಾಲಿ. ಅದನ್ನ ಮುಚ್ಚಿ ಮುಚ್ಚಿ ನನ್ನ ಸೊಂಟ ಹೋಯ್ತು."

ಬದುವಿನ ಬುಡದಲ್ಲಿ ನೋಡಿದೆ. ಮೂರು ತೂತುಗಳಿಂದ ನೀರು ಸಣ್ಣಗೆ ಕೆಳಗಿನ ಗದ್ದೆಗೆ ಇಳಿಯುತ್ತಿತ್ತು. ಹೊಸ ನೀರು ಬಂದು ಹಳೆಯದು ಹೋಗುವ ಸಂದಿನಲ್ಲಿ ಮಣ್ಣು ಆಗಾಗ ಮೇಲೆ ಕಾಣಿಸಿಕೊಂಡು ಗಾಳಿ ಕುಡಿಯುತ್ತಿತ್ತು. ನನ್ನ ತಪ್ಪನ್ನು ಇಲ್ಲಿ ಏಡಿಗಳು ತಿದ್ದಿದ್ದವು. ಶಿಕಾರಿಪುರದ ಆ ಗದ್ದೆಗೂ ಆಗಬೇಕಾದದ್ದು ಅದೇ, ನೀರನ್ನು ಹೊರಗೆ ಬಿಡಬೇಕು. ಮಣ್ಣು ಕೂದಲೆಳೆಯಷ್ಟು ಬಿರುಕು ಬಿಡುವವರೆಗೆ ಒಣಗಿಸಬೇಕು.

ನಾಲೆಯ ಕೊನೆಯ ರೈತರಿಗೆ ಈ ಮಾತು ಹೇಳುವುದು ಎಷ್ಟು ಕಷ್ಟ ಅನ್ನುವುದು ಆ ಕಡೆಯವರಿಗೇ ಗೊತ್ತು. ಆ ವರ್ಷ ಅವರು ತಮ್ಮತಮ್ಮಲ್ಲೇ ಸರದಿ ಮಾಡಿಕೊಂಡಿದ್ದರು, ಎಂಟು ದಿನ ನೀರು, ಎಂಟು ದಿನ ಇಲ್ಲ. ಮೇಲಿನವರು ಬಿಟ್ಟದ್ದಷ್ಟೇ ಇವರಿಗೆ. ಒಂದು ಬೊಗಸೆ ನೀರು ಹಳ್ಳಕ್ಕೆ ಹೋದರೂ ಜಗಳ. ನಾನು ಹೋಗುವ ಹೊತ್ತಿಗೆ ಇವರ ಸರದಿಯ ಕೊನೆಯ ದಿನ. ಅಂದರೆ ನೀರು ಹೊರಗೆ ಬಿಟ್ಟರೆ ಮತ್ತೆ ಬರುವುದು ಎಂಟು ದಿನಕ್ಕೆ, ಬಂದರೆ.

ಮರುದಿನ ಬೆಳಿಗ್ಗೆ ಅಲ್ಲಿಗೆ ಹೊರಡುವ ಮೊದಲು ಕೇಂದ್ರದ ಮುಖ್ಯಸ್ಥರಿಗೆ ಎಲ್ಲ ಹೇಳಿದೆ, ಮಳೆಯ ಮಾತೊಂದನ್ನು ಬಿಟ್ಟು. ಅವರು ಒಳ್ಳೆಯವರು, ಹೆದರುವವರು. "ನೀರು ಬಿಡಿ ಅಂತ ನೀವು ಖಚಿತವಾಗಿ ಹೇಳಬೇಡಿ," ಎಂದರು. "ಹಿಂಗೂ ಮಾಡಬಹುದು, ನೋಡಿ ಅಂತ ಹೇಳಿ. ನಾಳೆ ನಾಲೆ ಬರದೆ ಪೈರು ಒಣಗಿದ್ರೆ ನಮ್ಮ ಮೇಲೆ ಬರುತ್ತೆ."

ಈ ಮಾತು ನನಗೆ ಆಸೆ ಹುಟ್ಟಿಸಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಹಿಂಗೂ ಮಾಡಬಹುದು ಅಂದುಬಿಟ್ಟರೆ ಯಾವ ಕಡೆ ಬಿದ್ದರೂ ನನಗೆ ಪೆಟ್ಟಿಲ್ಲ. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಆ ವಾಕ್ಯವನ್ನೇ ಬಾಯಿಪಾಠ ಮಾಡಿದೆ. ಗದ್ದೆ ತಲುಪಿದಾಗ ಯಜಮಾನರು ನೀರನ್ನು ಇನ್ನೊಂದು ಗೇಣು ಏರಿಸಲು ಬದುವಿಗೆ ಮಣ್ಣು ಮೆತ್ತುತ್ತಿದ್ದರು. ಸರದಿ ಮುಗಿಯುವ ಮೊದಲು ಆದಷ್ಟು ಹಿಡಿದಿಟ್ಟುಕೊಳ್ಳಬೇಕು ಅಂತ. ಉಪಚಾರ ಎಂದು ವಿಷಕ್ಕೆ ವಿಷ ಸೇರಿಸುತ್ತಿದ್ದರು. ಅವರ ಮೊಣಕಾಲಿನವರೆಗಿನ ಕೆಸರು ನೋಡಿ ನನ್ನ ಬಾಯಿಪಾಠ ಮರೆತುಹೋಯಿತು.

"ಯಜಮಾನ್ರೇ, ಮೆತ್ತಬೇಡಿ. ಬದು ಕಡೀರಿ. ನೀರು ಪೂರ್ತಿ ಹೋಗಬೇಕು."

ಅವರು ಸಲಿಕೆ ಊರಿ ನಿಂತರು. ನಾನು ವಿಷದ ಕಥೆಯನ್ನು ಹೇಗೆ ಹೇಳುವುದೆಂದು ತಡಕಾಡಿದೆ. ಕೊನೆಗೆ ಗದ್ದೆಯಾಚೆಗಿನ ಅವರ ಕುರಿಹಟ್ಟಿಯನ್ನೇ ಉದಾಹರಣೆಗೆ ಹಿಡಿದೆ. ಜಡಿಮಳೆಯಲ್ಲಿ ಕುರಿಗಳನ್ನು ಹಟ್ಟಿಯಲ್ಲಿ ಕೂಡಿ ನಾಲ್ಕು ಕಡೆಯೂ ತಾಡಪಾಲು ಬಿಗಿದರೆ ಏನಾಗುತ್ತದೆ ಎಂದು ಕೇಳಿದೆ.

"ಹಿಕ್ಕಿ ಉಚ್ಚಿ ವಾಸನಿಗೆ ಕಣ್ಣು ಉರೀತಾವು. ಮರಿ ಸಾಯ್ತಾವು. ಒಂದು ಮಗ್ಗಲು ಬಿಚ್ಚಬೇಕು."

"ಗದ್ದೆಗೂ ತಾಡಪಾಲು ಬಿಗಿದ ಹಾಗೆ ಆಗಿದೆ. ಈ ನೀರೇ ತಾಡಪಾಲು."

ಅವರಿಗೆ ಅದು ಒಂದೇ ಸಲಕ್ಕೆ ಅರ್ಥವಾಯಿತು. ಆದರೆ ಮುಖ ಸಡಿಲವಾಗಲಿಲ್ಲ. ನಾಲೆಯ ನೀರು ಹಂಚುವ ಸೌಡಿಯನ್ನು ಕರೆಸಿದರು. ಅವರು ಸೈಕಲ್ಲಿನಿಂದ ಇಳಿಯದೆ ಕೇಳಿಸಿಕೊಂಡರು.

"ಮೇಡಮ್ಮಾರೇ, ಇಲ್ಲಿ ನೀರಿಲ್ಲ ಅಂತ ಜನ ತಲಿ ಒಡಕಂತಾರೆ. ನೀವು ಇದ್ದ ನೀರು ಹಳ್ಳಕ್ಕೆ ಬಿಡ್ರಿ ಅಂತೀರಿ. ಇವರು ಬಿಟ್ಟಿದ್ದು ಮಂದಿ ನೋಡಿದ್ರೆ ಮುಂದಿನ ಸರದ್ಯಾಗ ಇವರಿಗೆ ನೀರು ಹೆಚ್ಚಾಗೇತಿ, ತಾಸು ಕಡಿಮಿ ಮಾಡು ಅಂತ ನನ್ನ ಹರಕೊಂಡು ತಿಂತಾರೆ." ಆಮೇಲೆ ದನಿ ತಗ್ಗಿಸಿದರು. "ಬಿಡೋದೇ ಆದ್ರೆ ಕತ್ತಲಾದ ಮ್ಯಾಲೆ ಬಿಡ್ರಿ. ನಾನು ನೋಡಿಲ್ಲ."

"ಕಳ್ಳರ ಹಂಗೆ ಬ್ಯಾಡ," ಎಂದರು ಯಜಮಾನರು. ನನ್ನ ಕಡೆ ತಿರುಗಿದರು. "ನೀವು ನೋಡೀರಿ, ಬೇರು ಮೂಸೀರಿ. ಬಿಡೋದೇ ಏನ್ರೀ?"

ಹಿಂಗೂ ಮಾಡಬಹುದು ಅನ್ನಲು ಅದೇ ಸರಿಯಾದ ಹೊತ್ತು. "ಬಿಡೋದೇ," ಎಂದೆ. "ಯಾರಾದ್ರೂ ಕೇಳಿದ್ರೆ ನಾನು ಹೇಳಿದ್ದು ಅಂತ ಹೇಳಿ. ಸೌಡಿಯವರೇ, ನೀವೂ ಹಾಗೇ ಹೇಳಿ."

ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ, ನಾಲೆಯ ಏರಿಯ ಮೇಲೆ ಹೋಗುವವರೆಲ್ಲ ನೋಡುವ ಹಾಗೆ, ಅವರು ಬದು ಕಡಿದರು. ಕಪ್ಪು ನೀರು ಹಳ್ಳಕ್ಕೆ ಇಳಿಯಿತು. ಏರಿಯ ಮೇಲೆ ಇಬ್ಬರು ಬೈಕು ನಿಲ್ಲಿಸಿ ನೋಡಿದರು, ಒಬ್ಬರು ಏನೋ ಕೂಗಿದರು. ಬದುವಿನ ಮೇಲೆ ನಿಂತಿದ್ದ ಯಜಮಾನರ ಹೆಂಡತಿ ಹಟ್ಟಿಯೊಳಗೆ ಹೋಗಿಬಿಟ್ಟರು. ತಪ್ಪು ಒಪ್ಪಿಕೊಳ್ಳಲು ಇದೇ ಸಮಯ ಅಂದುಕೊಂಡು ಬಾಯಿ ತೆರೆದೆ. ಅವರು ಈಗಷ್ಟೇ ನನ್ನ ಮಾತಿನ ಮೇಲೆ ಊರೆದುರು ನೀರು ಚೆಲ್ಲಿದ್ದಾರೆ, ಈಗ ನನ್ನ ಮಾತು ಒಮ್ಮೆ ಕೆಟ್ಟಿತ್ತು ಎಂದರೆ ಎಲ್ಲಿ ಬದು ಮುಚ್ಚಿಬಿಡುತ್ತಾರೋ ಎಂಬ ಹೆದರಿಕೆ. ಅದು ಅರ್ಧ ನೆವ, ಅರ್ಧ ನಿಜ. ಬಾಯಿ ಮುಚ್ಚಿಕೊಂಡೆ.

ಮುಂದಿನ ಎಂಟು ದಿನ ನಾನು ಆಕಾಶವನ್ನು ನೋಡಿದಷ್ಟು ಜನ್ಮದಲ್ಲೇ ನೋಡಿರಲಿಲ್ಲ. ಮಳೆ ಬಂದರೆ ಗದ್ದೆ ಒಣಗುವುದಿಲ್ಲ, ವಿಷ ಹೋಗುವುದಿಲ್ಲ. ಮಳೆ ಬಾರದೆ ನಾಲೆಯೂ ಬಾರದಿದ್ದರೆ ಎಳೆ ಪೈರು ಸುಟ್ಟುಹೋಗುತ್ತದೆ. ಬೆಳಿಗ್ಗೆ ಸೊರಬದಲ್ಲಿ ಬಸ್ಸು ಹತ್ತುವಾಗ ಮಳೆ ಬೇಡಪ್ಪಾ ಅನ್ನುತ್ತಿದ್ದೆ, ಸಂಜೆ ಇಳಿಯುವಾಗ ಎಂಟನೇ ದಿನ ನಾಲೆ ತುಂಬಿ ಬರಲಪ್ಪಾ ಅನ್ನುತ್ತಿದ್ದೆ. ಕೇಳುವ ದೇವರಿಗೂ ಗೊಂದಲವಾಗಿರಬೇಕು. ದಿನಾ ಮಧ್ಯಾಹ್ನ ಊಟದ ಡಬ್ಬಿ ಹಾಗೇ ಇಟ್ಟು ಗದ್ದೆಗೆ ಓಡುತ್ತಿದ್ದೆ.

ಎರಡನೇ ದಿನ ಹೆಜ್ಜೆ ಹಿಮ್ಮಡಿಯವರೆಗೆ ಹೂತಿತು. ಮೂರನೇ ದಿನ ಬೆರಳಿನಷ್ಟು. ನಾಲ್ಕನೇ ದಿನ ಜಿಟಿಜಿಟಿ ಮಳೆ ಹಿಡಿದು, ನಾನು ಕೇಂದ್ರದ ಕಿಟಕಿಯಲ್ಲಿ ನಿಂತು ಡ್ರಮ್ಮು ಕಲಕುವುದನ್ನೂ ಮರೆತೆ. ಅದೃಷ್ಟಕ್ಕೆ ಸಂಜೆಗೆ ನಿಂತಿತು. ಐದನೇ ದಿನ ಮೇಲಿನ ಮಡಿಗಳಲ್ಲಿ ಮೊದಲ ಬಿರುಕು, ಕೂದಲೆಳೆಯಷ್ಟು. ಮಣ್ಣಿನ ಮೇಲ್ಮೈ ಕಪ್ಪು ಬಿಟ್ಟು ಕೆಂಪಗಾಗತೊಡಗಿತು, ಗಾಳಿ ಒಳಗೆ ಹೋಗುತ್ತಿದೆ ಅನ್ನುವುದರ ಗುರುತು ಅದು. ವಾಸನೆ ಕಡಿಮೆಯಾಗಿತ್ತು. ಪೈರು ಮಾತ್ರ ಹಾಗೇ ಹಳದಿ. ಕಿತ್ತು ನೋಡಿದರೆ ಹೊಸ ಬೇರಿನ ಸುಳಿವಿಲ್ಲ.

"ಬರ್ತಾವೇನ್ರೀ?" ಎಂದು ಯಜಮಾನರು ಕೇಳಿದರು. ಬರುತ್ತವೆ ಅಂದೆ. ಬರುತ್ತವೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಏಳನೇ ದಿನ ಕಿತ್ತ ಬುಡದಲ್ಲಿ, ಕಪ್ಪು ಬೇರುಗಳ ಮೇಲ್ಗಡೆ, ಕಾಂಡಕ್ಕೆ ಅಂಟಿದ ಹಾಗೆ, ನಾಲ್ಕು ಬಿಳಿ ಮೊಳಕೆ. ಉಗುರಿನ ಅಂಚಿನಷ್ಟು ಉದ್ದ. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಯಜಮಾನರ ಹೆಂಡತಿಗೆ ತೋರಿಸಲು ಹಟ್ಟಿಯವರೆಗೆ ಓಡಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟೇ?" ಎಂದರು.

ಇಷ್ಟಕ್ಕೆ ಈಗ ನೀರು ಬೇಕಿತ್ತು. ಎಂಟನೇ ದಿನ ನೀರು ಬರಲಿಲ್ಲ. ಮೇಲಿನ ಊರಿನವರು ತಮ್ಮ ಗದ್ದೆ ತುಂಬಿಲ್ಲವೆಂದು ಇನ್ನೂ ಬಿಟ್ಟುಕೊಟ್ಟಿಲ್ಲ ಎಂದರು ಸೌಡಿ. ಒಂಬತ್ತನೇ ದಿನವೂ ಇಲ್ಲ. ಬಿರುಕುಗಳಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಕೂದಲೆಳೆಯ ಬಿರುಕು ಬೇರಿಗೆ ಉಸಿರು ಕೊಡುತ್ತದೆ, ಬೆರಳು ಹೋಗುವ ಬಿರುಕು ಬೇರನ್ನೇ ಹರಿಯುತ್ತದೆ. ಅಕ್ಕಪಕ್ಕದ ಗದ್ದೆಗಳಲ್ಲಿ ಮೊದಲಿನ ನೀರು ಇನ್ನೂ ಮಿಂಚುತ್ತಿತ್ತು. ಇವರ ಗದ್ದೆ ಒಂದೇ ಬಾಯಿ ಬಿಟ್ಟುಕೊಂಡು ಬಿದ್ದಿತ್ತು, ಏರಿಯ ಮೇಲೆ ಹೋಗುವವರು ಈಗ ಕೂಗುತ್ತಲೂ ಇರಲಿಲ್ಲ. ಯಜಮಾನರು ಕೊಡದಲ್ಲಿ ನೀರು ಹೊತ್ತು ತಂದು ಅಂಚಿನ ಸಾಲುಗಳಿಗೆ ಹನಿಸುತ್ತಿದ್ದರು. ಅವರ ತಮ್ಮ ಕುರಿ ಬಿಟ್ಟು ಬಂದು, ಅಣ್ಣನ ಜೊತೆ ಮಾತು ಬಿಟ್ಟಿದ್ದರೂ, ಇನ್ನೊಂದು ಕೊಡ ಹೊರುತ್ತಿದ್ದರು. ಆ ಇಬ್ಬರನ್ನು ನೋಡಿ ಅವತ್ತು ನಾನು ಸ್ಕೂಟರಿನ ಮರೆಗೆ ಹೋಗಿ ಅತ್ತೆ.

ಹತ್ತನೇ ದಿನ ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಫೋನು ಬಂತು. "ಬಂತ್ರೀ ನೀರು," ಎಂದರು ಯಜಮಾನರು. ಹಿಂದೆ ನೀರಿನ ಸದ್ದು ಕೇಳುತ್ತಿತ್ತು. ನಾನು ಹೇಳಿದ ಹಾಗೆ ಮಣ್ಣು ನೆನೆಯುವಷ್ಟೇ ಬಿಟ್ಟು, ಎರಡು ದಿನ ತಡೆದು, ಮತ್ತೆ ಬಿಟ್ಟರು. ಗೇಣುದ್ದ ನಿಲ್ಲಿಸಲು ನಾನು ಬಿಡಲಿಲ್ಲ.

ಇನ್ನೊಂದು ವಾರಕ್ಕೆ ಸುಳಿ ಎಲೆ ಹಸಿರಾಗಿ ಬಂತು, ಆಮೇಲೆ ತೆಂಡೆಗಳು. ಬುಡ ಕೀಳಲು ಹೋದರೆ ಈಗ ಹಟ ಮಾಡುತ್ತಿತ್ತು. ಎಲ್ಲವೂ ಉಳಿಯಲಿಲ್ಲ. ಹಳ್ಳದ ಪಕ್ಕದ ತಗ್ಗಿನ ಮಡಿ, ನೀರು ಪೂರ್ತಿ ಬಸಿಯದೆ ಕೊಳೆತೇ ಹೋಯಿತು. ಅಲ್ಲಿ ಈಗ ಕೆಸರು ಮಾತ್ರ ಇತ್ತು, ಕೊಕ್ಕರೆಗಳು ಓಡಾಡುತ್ತಿದ್ದವು. ಮೇಲಿನ ಮಡಿಗಳ ಭತ್ತ ಮನೆಗೆ ವರ್ಷಕ್ಕೆ ಸಾಕಾಗುತ್ತದೆ, ಹೆಚ್ಚಿಗೆ ಏನೂ ಇರುವುದಿಲ್ಲ ಎಂದು ಯಜಮಾನರ ಹೆಂಡತಿ ಲೆಕ್ಕ ಹಾಕಿದರು.

ಗದ್ದೆ ಚೇತರಿಸಿಕೊಂಡ ಸುದ್ದಿ ಕೇಳಿ ಏಳೆಂಟು ಜನ ರೈತರು ನೋಡಲು ಬಂದರು. ನೀರು ಬಿಟ್ಟ ದಿನ ಏರಿಯ ಮೇಲಿಂದ ಕೂಗಿದ್ದವರೂ ಅವರಲ್ಲಿದ್ದರು. ನೀರು ಯಾಕೆ ಬಿಟ್ಟದ್ದು, ಬಿರುಕು ಎಷ್ಟು ಬಿಡಬೇಕು ಎಂದೆಲ್ಲ ನಾನು ಹೇಳಿದೆ. ಹಾಗಾದರೆ ಮೊದಲು ಕೆಟ್ಟದ್ದು ಏತಕ್ಕೆ ಎಂದು ಒಬ್ಬರು ಕೇಳಿದರು.

ಯಜಮಾನರು ನನಗಿಂತ ಮೊದಲೇ ಹೇಳಿದರು. "ನಮ್ಮ ಕುರಿ ಹಿಕ್ಕಿದು. ಹಸಿದು ಹೆಚ್ಚಾಗಿತ್ತು. ಮೇಡಂದು ಏನೂ ತಪ್ಪಿಲ್ಲ." ಅವರ ತಮ್ಮ ಹಿಂದೆ ನಿಂತು ನೆಲ ನೋಡುತ್ತಿದ್ದರು.

"ಕುರಿದಲ್ಲ," ಎಂದೆ. "ದಂಟು ಕೊಳೆಯೋಕೆ ಹದಿನೈದು ದಿನ ಬೇಕಿತ್ತು. ನಾನು ಹದಿನೈದು ದಿನ ಅನ್ನಲಿಲ್ಲ, ಮುಂದಿನ ಮಳೆಗೆ ನಾಟಿ ಮಾಡಿ ಅಂದೆ. ಪುಷ್ಯ ಹುಟ್ಟೋಕೆ ಮೂರೇ ದಿನ ಇತ್ತು. ನನಗೆ ಅದು ಗೊತ್ತಿರಲಿಲ್ಲ. ಇವರು ನನ್ನ ಮಾತು ಕೇಳಿದ್ದಕ್ಕೇ ಹೀಗಾಯ್ತು. ಆಮೇಲೆ ಗೊತ್ತಾದರೂ ನಾನು ಹೇಳಲಿಲ್ಲ."

ಯಜಮಾನರು ಸಲಿಕೆಗೆ ಅಂಟಿದ ಮಣ್ಣನ್ನು ಕಾಲಿನಿಂದ ಒರೆಸುತ್ತಿದ್ದರು.

"ನಂಗೆ ಗೊತ್ತಿತ್ರೀ," ಎಂದರು.

ನಾನು ಅವರ ಮುಖ ನೋಡಿದೆ.

"ನಾಟಿ ದಿನ ಕಾಲಿಗೆ ದಂಟು ಚುಚ್ಚಿತು. ಮೂರು ದಿನಕ್ಕೆ ಇದು ಹೆಂಗೆ ಕೊಳೀತೈತಿ, ಮೇಡಂ ಎಲ್ಲೋ ದಿನ ತಪ್ಪ್ಯಾರೆ ಅಂತ ಇವಳಿಗೆ ಹೇಳ್ದೆ. ಫೋನ್ ಹಚ್ಚು ಅಂದ್ಲು. ನಾನೇ ಬ್ಯಾಡ ಅಂದೆ."

"ಯಾಕೆ?"

"ಕೇಳಿದ್ರೆ ನಿಮಗೆ ಗೊತ್ತಿಲ್ಲ ಅಂದಂಗೆ ಆಗ್ತಿತ್ತಲ್ರೀ."

ನನ್ನ ಮರ್ಯಾದೆ ಉಳಿಯಲಿ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ನನಗಿಂತ ಮೊದಲೇ, ಅದಕ್ಕಾಗಿಯೇ, ತಪ್ಪನ್ನು ತಮ್ಮನ ಕುರಿಗಳ ಮೇಲೆ ಹೊರಿಸಿ, ಅವರೂ ಮುಚ್ಚಿಕೊಂಡಿದ್ದರು. ಅವತ್ತು ಒಂದು ಫೋನು ಬಂದಿದ್ದರೆ ಆ ತಗ್ಗಿನ ಮಡಿಯಲ್ಲೂ ಭತ್ತ ಇರುತ್ತಿತ್ತು. ಅವರು ಯಾಕೆ ಮಾಡಲಿಲ್ಲ ಅನ್ನುವುದಕ್ಕೆ ಕಾರಣ ನನ್ನಲ್ಲೇ ಇತ್ತು. ಬದುವಿನ ಮೇಲೆ ಶೂ ಹಾಕಿಕೊಂಡು ನಿಂತು ಉತ್ತರ ಹೇಳುವವಳಿಗೆ ಯಾರು ಫೋನು ಮಾಡುತ್ತಾರೆ?

ಬಂದವರು ಹೋದ ಮೇಲೆ, ಏನಾದರೂ ಹೇಳಬೇಕಲ್ಲ ಎಂದು, ಕೆಲಸದ ಮಾತು ತೆಗೆದೆ. "ಇನ್ನೊಂದು ಕಂತು ಯೂರಿಯಾ ಉಳಿದಿದೆ. ನಾಳೆ ಎರಚಿಬಿಡಿ."

ಅವರು ಗದ್ದೆಗೆ ಇಳಿದರು. ಒಂದು ಬುಡದ ಸುತ್ತ ಬೆರಳು ಆಡಿಸಿ, ಕೀಳದೆಯೇ, ಬೇರನ್ನು ಮುಟ್ಟಿ ನೋಡಿದರು.

"ನಾಳೆ ಬ್ಯಾಡ್ರೀ," ಎಂದರು. "ಬೇರು ಇನ್ನಾ ಎಳೇದೈತಿ. ನಾಕು ದಿನ ಹೋಗ್ಲಿ." ಹೇಳಿದವರು ತಲೆಯೆತ್ತಿ ನನ್ನ ಮುಖವನ್ನು ಅಳುಕಿನಿಂದ ನೋಡಿದರು.

ಶೂ ಬಿಚ್ಚಿಟ್ಟು ನಾನೂ ಇಳಿದೆ. ಅವರು ತೋರಿಸಿದ ಬುಡಕ್ಕೆ ಬೆರಳು ಹಾಕಿ ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು.